ಕೆಂಪು ಸೀರೆಯ ಕೆಳಗಿನ ಹಾಸು

ಕೇಳ್ರಪ್ಪಾ ಮಕ್ಕಳೇ, ಹೂವಲೂರು ಅಂತ ಒಂದು ರಾಜ್ಯ ಇತ್ತು. ಅಲ್ಲಿ ಬಟ್ಟೆಗೆ ಬಣ್ಣ ಹಾಕುವ ಸಾವಂತ್ರವ್ವ ಇದ್ದಳು. ಮನೆಯಲ್ಲಿ ತುಂಬು ಬಸುರಿ ಮಗಳು.

ರಾಜಕುಮಾರಿಯ ಮದುವೆ ಬಂತು. ಕೆಂಪು ಸೀರೆ ಮಾಡಿಕೊಡು ಅಂತ ದೊರೆ ಸಾವಂತ್ರವ್ವನಿಗೆ ಹೇಳಿದ. ಆ ಕೆಲಸ ತನ್ನ ಭಾವಮೈದುನನಿಗೆ ಸಿಗಲಿಲ್ಲವಲ್ಲ ಅಂತ ಅರಮನೆಯ ಉಗ್ರಾಣ ನೋಡಿಕೊಳ್ಳುವ ರಾಚಪ್ಪನಿಗೆ ಹೊಟ್ಟೆಯುರಿ.

ಸೀರೆ ಅರಮನೆಗೆ ಬಂತು. ರಾಚಪ್ಪ ಅದನ್ನು ಕಿತ್ತಳೆ ಬಣ್ಣದ ಜಮಖಾನದ ಮೇಲೆ ಹರಡಿದ. ಕೆಂಪು ಮಂಕಾಗಿ ಕಂಡಿತು. ದೊರೆ ಬೇಡವೆಂದ. ಎರಡನೇ ಸಲ ಇನ್ನೂ ಗಾಢವಾಗಿ ಅದ್ದಿ ತಂದಳು. ಅದೇ ಜಮಖಾನ, ಅದೇ ಮಂಕು. ದೊರೆಗೆ ಸಿಟ್ಟು ಬಂತು. ಮೂರನೇದೂ ಹೀಗೇ ಆದರೆ ಮಗಳನ್ನು ಕರಕೊಂಡು ಊರು ಬಿಡು ಅಂದುಬಿಟ್ಟ.

ಸಾವಂತ್ರವ್ವನಿಗೆ ಅನ್ನ ಸೇರಲಿಲ್ಲ. ತುಂಬಿದ ಬಸುರಿಯನ್ನು ಎಲ್ಲಿಗೆ ಕರಕೊಂಡು ಹೋಗೋದು? ಮೂರನೇ ಸೀರೆ ಅದ್ದಿ ಹಿತ್ತಲ ಗರಿಕೆಯ ಮೇಲೆ ಒಣಹಾಕಿದಳು. ಬಾಗಿಲಲ್ಲಿ ಕೂತಿದ್ದ ಮಗಳು ನೋಡಿ, "ಅವ್ವಾ, ಇಲ್ಲಿ ಕೆಂಡದಂಗೆ ಐತಿ. ಅರಮನೆಗೆ ಹೋದರ ಯಾಕ ಆರತೈತಿ?" ಅಂತ ಕೇಳಿದಳು.

ಸಾವಂತ್ರವ್ವನಿಗೆ ಅರಮನೆಯ ಕಿತ್ತಳೆ ಜಮಖಾನ ನೆನಪಾಯಿತು. ಆ ಸೀರೆಯ ಸೆರಗನ್ನು ಬಣ್ಣಕ್ಕೆಂದು ತಂದಿಟ್ಟ ಕಿತ್ತಳೆ ಚೆಂಡುಹೂವಿನ ರಾಶಿಯ ಮೇಲಿಟ್ಟಳು. ಮಂಕಾಯಿತು. ಮತ್ತೆ ಹುಲ್ಲಿನ ಮೇಲಿಟ್ಟಳು. ಕೆಂಡದ ಹಾಗೆ ಹೊಳೆಯಿತು. ಗುಟ್ಟು ತಿಳಿಯಿತು.

ಮರುದಿನ ಸೀರೆಯ ಜೊತೆ ಒಂದು ಹಸಿರು ಬಟ್ಟೆಯನ್ನೂ ಒಯ್ದಳು. "ಬುದ್ಧೀ, ಇದನ್ನ ಹಸಿರಿನ ಮೇಲೆ ಹಾಸಿ ನೋಡ್ರಿ," ಅಂತ ದೊರೆಗೆ ಹೇಳಿದಳು. ಕೆಂಪಿಗೂ ಹಸಿರಿಗೂ ಹಾವು ಮುಂಗುಸಿಯ ಹಗೆ ಅಂತ ರಾಚಪ್ಪ ಅಡ್ಡ ಬಂದ. ದೊರೆ ಕೇಳಲಿಲ್ಲ.

ಹಾಸಿದರೆ, ಸಭೆಯೇ ಬೆಳಗಿತು. ಹಿಂದಿನ ಎರಡು ಸೀರೆ ತರಿಸಿ ಹಾಸಿದರು. ಅವೂ ಹೊಳೆದವು. ಕಿತ್ತಳೆ ಜಮಖಾನ ಹಾಸಿದ್ದು ಯಾರು ಅಂತ ದೊರೆ ಕೇಳಿದ. ಎಲ್ಲರ ಕಣ್ಣು ರಾಚಪ್ಪನ ಕಡೆಗೆ ತಿರುಗಿತು.

ರಾಚಪ್ಪ ಮಾತು ತಿರುಗಿಸಿದ. ಇದೇನು ದೊಡ್ಡ ವಿದ್ಯೆ, ಎರಡೂ ಬಣ್ಣ ಒಂದೇ ಹಂಡೆಯಲ್ಲಿ ಕಲೆಸಿ ಇದರ ಎರಡರಷ್ಟು ಹೊಳಪು ತೋರಿಸುತ್ತೇನೆ ಅಂದ. ಸಾವಂತ್ರವ್ವ ನಕ್ಕು, "ಮಾಡಲಿ ಬಿಡ್ರಿ," ಅಂದಳು. ಕಲೆಸಿ ಅದ್ದಿ ತೆಗೆದರೆ ಬಟ್ಟೆ ಕೆರೆಯ ಕೆಸರಿನ ಬಣ್ಣ. ಸಭೆ ಬಿದ್ದು ಬಿದ್ದು ನಕ್ಕಿತು. ಊರು ಬಿಡುವ ಸರದಿ ರಾಚಪ್ಪನದಾಯಿತು.

ದೊರೆ, "ತಪ್ಪಾಯಿತವ್ವಾ," ಅಂದ. ಸಾವಂತ್ರವ್ವ ಮನೆಗೆ ಬಂದು, ಕಾಲು ಚಾಚಿ ಕೂತು, ಹೊಟ್ಟೆ ತುಂಬ ಉಂಡಳು. ಅದೇ ವಾರ ಮಗಳು ತವರಲ್ಲೇ ಸುಖವಾಗಿ ಹಡೆದಳು.

ನೀತಿ ಇಷ್ಟೇ ಮಕ್ಕಳೇ: ಎದುರು ಬಣ್ಣಗಳು ಪಕ್ಕಪಕ್ಕ ನಿಂತರೆ ಒಂದನ್ನೊಂದು ಬೆಳಗುತ್ತವೆ, ಕಲೆಸಿದರೆ ಎರಡೂ ಕೆಡುತ್ತವೆ. ಇನ್ನೊಬ್ಬರ ಹೊಳಪು ಅಳಿಸಲು ಹೋದವನ ಬಣ್ಣ ತಾನಾಗೇ ಬಯಲಾಗುತ್ತದೆ.