ಕಾವು ಪೆಟ್ಟಿಗೆಯೂ ಕೆಂಚಿ ಕೋಳಿಯೂ

ಕರೇಕಲ್ಲು ಹಟ್ಟಿಯ ಹನ್ನೆರಡು ಬಡ ಮನೆಗಳ ಹೆಂಗಸರು ಕೋಳಿ ಸಾಕಿ ಬದುಕು ಕಟ್ಟಿಕೊಳ್ಳಲೆಂದು, ಮೊಟ್ಟೆಗೆ ಕಾವು ಕೊಡುವ ಕರೆಂಟಿನ ಪೆಟ್ಟಿಗೆಯೊಂದು ಊರಿಗೆ ಬಂದು, ಅವರಲ್ಲೊಬ್ಬಳಾದ ಹೊನ್ನೂರಮ್ಮನ ಜಗಲಿಯಲ್ಲಿ ಕೂತಿತು. ಇಪ್ಪತ್ತೊಂದನೆಯ ದಿನ ಅದರಿಂದ ಅರವತ್ತು ಮರಿಗಳು ಹೊರಬಂದವು; ತುಸು ಬಲಿತ ಮೇಲೆ ಮನೆಗೆ ಐದರಂತೆ ಹಂಚುವುದೆಂದಾಯಿತು. ಅದೇ ದಿನ ಹೊನ್ನೂರಮ್ಮನ ಕೆಂಚಿ ಕೋಳಿಯೂ ಒಂಬತ್ತು ಮರಿ ಮಾಡಿತು.

“ಬರೀ ಒಂಬತ್ತೇ, ಕೆಂಚಕ್ಕ?” ಎಂದಿತು ಪೆಟ್ಟಿಗೆ. “ನನ್ನದು ಅರವತ್ತಕ್ಕೆ ಅರವತ್ತು. ನನ್ನ ಕೆಲಸ ಮುಗಿಯಿತು.”

“ನನ್ನದು ಈಗ ಶುರುವಾಯಿತು ತಮ್ಮಾ,” ಎಂದು ಕೆಂಚಿ ತನ್ನ ಮರಿಗಳನ್ನು ತಿಪ್ಪೆಯತ್ತ ನಡೆಸಿತು.

ನಾಲ್ಕನೆಯ ದಿನ ಅಂಗಳದಲ್ಲಿ ಹದ್ದಿನ ನೆರಳು ಸುಳಿಯಿತು. ಕೆಂಚಿ ಕೊರ್ರ್ ಎಂದದ್ದೇ ತಡ, ಒಂಬತ್ತೂ ಅದರ ರೆಕ್ಕೆಯಡಿ ಸೇರಿದವು. ಪೆಟ್ಟಿಗೆಯ ಮರಿಗಳಿಗೆ ಆ ಕೂಗಿನ ಅರ್ಥ ಗೊತ್ತಿರಲಿಲ್ಲ. ಅವು ನೆರಳನ್ನೇ ಬೆನ್ನಟ್ಟಿ ಆಡತೊಡಗಿದವು. ಹದ್ದು ಒಂದನ್ನು ಎತ್ತಿಕೊಂಡು ಹಾರಿತು.

ಅದು ಮತ್ತೆ ತಿರುಗಿ ಬರುವುದನ್ನು ಕಂಡು ಕೆಂಚಿಗೆ ತಡೆಯಲಾಗಲಿಲ್ಲ. ತನ್ನ ಮರಿಗಳನ್ನು ಬೆನ್ನ ಹಿಂದೆ ಕರೆದುಕೊಂಡು ಬಯಲಿಗೆ ನುಗ್ಗಿ, ಕೂಗುತ್ತ ಬೇಲಿಯ ಮುಳ್ಳಿನೊಳಗೆ ಓಡಿತು. ಒಂಬತ್ತು ಓಡಿದ್ದನ್ನು ನೋಡಿ ಉಳಿದ ಐವತ್ತೊಂಬತ್ತೂ ಓಡಿದವು.

“ಅಕ್ಕಾ, ಒಂದು ಹೋಯಿತು,” ಎಂದಿತು ಪೆಟ್ಟಿಗೆ ಸಣ್ಣ ದನಿಯಲ್ಲಿ. “ಆ ಹನ್ನೆರಡು ಮನೆಯ ತಾಯಂದಿರಿಗೆ ಏನು ಹೇಳಲಿ? ನನಗೆ ಕೂಗಲು ಬಾರದು, ಓಡಲು ಕಾಲಿಲ್ಲ.”

“ನಿನ್ನಲ್ಲಿ ಬಿಸಿ ಉಂಟಲ್ಲ!” ಎಂದಿತು ಕೆಂಚಿ. “ನನ್ನ ರೆಕ್ಕೆ ಹತ್ತು ಮರಿಗೆ ಸಾಕು, ಇಷ್ಟಕ್ಕೆಲ್ಲ ಸಾಲದು. ಹೆಕ್ಕುವುದನ್ನೂ ಅಡಗುವುದನ್ನೂ ನಾನು ಕಲಿಸುತ್ತೇನೆ. ಅವು ನಡುಗುತ್ತ ಬಂದಾಗ ನೀನು ಬಾಗಿಲು ತೆಗೆ.”