ಬಾಗಿಲ ಎಡಗಡೆಯ ತಾಟು

ಆ ಸೋಮವಾರ ಡೋಣಿ ನದಿ ದಂಡೆಯ ಆಶ್ರಮದ ದಾಸೋಹದಲ್ಲಿ ನಡೆದ ಅನಾಹುತವನ್ನು ಭಕ್ತರು ಇಂದಿಗೂ ದನಿ ತಗ್ಗಿಸಿ ಹೇಳುತ್ತಾರೆ: ಬಾಗಿಲ ಎಡಗಡೆಯ ಮೊದಲ ತಾಟಿಗೆ ಶೇಂಗಾ ಚಟ್ನಿ ಬೀಳಲಿಲ್ಲ.

ಆ ತಾಟಿನ ಮುಂದೆ ಕೂತಿದ್ದವರು ಪೂಜ್ಯ ಈರಮ್ಮತಾಯಿಯವರು. ಭಕ್ತರ ಚಪ್ಪಲಿಗಳಿಗೆ ತೀರ ಸಮೀಪದ ಆ ಜಾಗವನ್ನು ಅವರು ತಾವಾಗಿ ಆರಿಸಿಕೊಂಡಿದ್ದರು. ಪಂಕ್ತಿಯಲ್ಲಿ ಬಾಯಿಬಿಟ್ಟು ಕೇಳಬಾರದೆಂಬುದು ಆಶ್ರಮದ ನೇಮ. ನೇಮ ಮಾಡಿದವರೂ ಅವರೇ. ಬರೀ ರೊಟ್ಟಿ ಮುರಿದುಕೊಂಡರು.

ಬಡಿಸುತ್ತಿದ್ದವನು ಅಡವೆಪ್ಪ. ಆಗಾಗ ಅವನ ಕಣ್ಣುಗಳು ಕೆಂಪಾಗಿ ನೋಯುತ್ತಿದ್ದವು. ಔಷಧದ ಹನಿ ಹಾಕಿಕೊಳ್ಳುತ್ತಿದ್ದ, ಕೆಂಪು ಇಳಿದೊಡನೆ ಶೀಸೆ ಗೂಡು ಸೇರುತ್ತಿತ್ತು. ಈಚೆಗೆ ಜನ ಸದ್ದಿಲ್ಲದೆ ಪಕ್ಕದಿಂದ ಬಂದು ಡಿಕ್ಕಿ ಹೊಡೆಯುತ್ತಾರೆಂಬುದು ಅವನ ದೂರು.

"ಏ ಅಡವೆಪ್ಪಾ, ಅವ್ವಾರ ತಾಟ ಕಾಣಲಿಲ್ಲೇನೋ? ಕಣ್ಣು ಮಡಚಿ ಕಿಸೇದಾಗ ಇಟ್ಟೀಯೇನು?" ಎಂದಳು ಅಡುಗೆಯ ಕಲ್ಲವ್ವ.

"ನನ್ನ ಕಣ್ಣು ಛಲೋ ಅದಾವ. ಆ ಗ್ವಾಡಿ ಮ್ಯಾಲಿನ ಸಣ್ಣ ಅಕ್ಷರ ಓದ್ಲೇನು?" ಓದಿಯೂ ಬಿಟ್ಟ, ಇಡೀ ಪಂಕ್ತಿಗೆ ಕೇಳುವಂತೆ: "ಪ್ರಸಾದ ಸ್ವೀಕರಿಸುವಾಗ ಮೌನವಾಗಿರಿ."

ತಾಯಿಯವರು ನಗಲಿಲ್ಲ. ಎದ್ದು ಬಂದರು. "ಮುಂದ ನೋಡಕೋತ ನಿಂದ್ರು ತಮ್ಮಾ," ಎಂದು ರೊಟ್ಟಿಯ ತುಂಡೊಂದನ್ನು ಅವನ ಎಡಬದಿಯಿಂದ ನಿಧಾನವಾಗಿ ಮುಂದಕ್ಕೆ ತಂದರು. ಅದು ಮೂಗಿನ ಸಮೀಪಕ್ಕೆ ಬಂದಾಗಷ್ಟೇ ಕಂಡು ಅವನು ಬೆಚ್ಚಿದ.

"ನಾಳೆ ದವಾಖಾನಿಗೆ ಹೋಗು."

ದವಾಖಾನೆಯಲ್ಲಿ ದೊಡ್ಡ ಬಟ್ಟಲಿನಂಥ ಯಂತ್ರದೊಳಗೆ ಮುಖವಿಟ್ಟು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕಿತ್ತು. ಬಲಗಡೆ ಅಷ್ಟಿಷ್ಟು ಚುಕ್ಕೆ ಬಂದವು. ಎಡಗಡೆಯವಕ್ಕಾಗಿ ಅಡವೆಪ್ಪ ಹಬ್ಬಕ್ಕೆ ಬರುವ ಮಗಳ ದಾರಿ ಕಾಯುವಂತೆ ಕಾದ. ಬರಲಿಲ್ಲ. ಕಣ್ಣೊಳಗಿನ ಉರಿಯೂತ, ಅದರಿಂದ ಏರಿದ ಒತ್ತಡ ನರವನ್ನು ತಿಂದಿವೆ. ಹೋದದ್ದು ಮರಳದು, ಹನಿ ತಪ್ಪಿಸದಿದ್ದರೆ ಉಳಿದದ್ದನ್ನು ಕಾಯಬಹುದು ಎಂದರು ವೈದ್ಯರು.

ಅವನು ನೇರ ತಾಯಿಯವರ ಬಳಿ ಬಂದು ಕುಳಿತ.

"ಅವ್ವಾ, ಬಾಗಲದಾಗ ನಿಂತ್ರ ಪಂಕ್ತಿ ಪೂರಾ ಒಮ್ಮೆಲೆ ಕಾಣತಿತ್ತು. ಈ ತುದಿಯಿಂದ ಆ ತುದಿತನಕ, ಎಲ್ಲಾರೂ. ಅದನ್ನ ಇನ್ನೊಂದು ಸಲ ನೋಡಬೇಕವ್ವಾ. ನೀವು ತಲಿ ಮ್ಯಾಲ ಕೈ ಇಟ್ರ..."

ತಾಯಿಯವರು ಅವನ ತಲೆಯ ಮೇಲೆ ಕೈ ಇಟ್ಟರು.

"ಇಟ್ಟೆ. ಆದ್ರ ಅದು ಬರೂದಿಲ್ಲಪ್ಪ," ಎಂದರು. "ನಾಳೆಯಿಂದ ನನ್ನ ತಾಟಿಂದ ಸುರು ಮಾಡು. ಕುತ್ತಿಗಿ ತಿರಿಗಿಸಿ ನೋಡು."

ಅಂದಿನಿಂದ ಅಡವೆಪ್ಪ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಆ ಇಡೀ ಪಂಕ್ತಿಯನ್ನು ಮನಸ್ಸಿನಲ್ಲೇ ನೋಡಿಕೊಂಡು, ಎಡಕ್ಕೆ ತಿರುಗಿ ಬಡಿಸತೊಡಗುತ್ತಿದ್ದ. ತಾಯಿಯವರು ಲಿಂಗೈಕ್ಯರಾದ ಮೇಲೂ ಆ ಜಾಗದಿಂದಲೇ ಶುರು. ಹನಿ ತಪ್ಪಿಸಲಿಲ್ಲ. ಎಡಗಡೆಯ ದೃಷ್ಟಿ ಮರಳಲಿಲ್ಲ. ಚಟ್ನಿ ಎಲ್ಲರಿಗೂ ಬಿತ್ತು.