ಶಾಲು ಹೊದ್ದ ನರಿ

ಆಲದ ಕಟ್ಟೆಯ ಇಸ್ಪೀಟಿನಲ್ಲಿ ನರಿ ದಿನವೂ ಗೆದ್ದು, ಪಣಕ್ಕಿಟ್ಟ ಕಬ್ಬಿನಿಂದಲೇ ಹೊಟ್ಟೆ ಹೊರೆಯುತ್ತಿತ್ತು. ಒಳ್ಳೆಯ ಎಲೆ ಬಂದರೆ ಮೊಲದ ಕಿವಿ ನಿಮಿರುತ್ತದೆ, ಕತ್ತೆಯ ಬಾಲ ಅಲ್ಲಾಡುತ್ತದೆ ಎಂಬ ಗುಟ್ಟು ಅದಕ್ಕೊಂದಕ್ಕೇ ಗೊತ್ತಿತ್ತು.

ಹೀಗಿರಲು ಕೋತಿಯೊಂದು ಕಬ್ಬಿನ ದಕ್ಷಿಣೆಗೆ ಇಸ್ಪೀಟು ಕಲಿಸುವ ಪಾಠಶಾಲೆ ತೆರೆಯಿತು. ಮೊದಲ ದಿನವೇ ನರಿಗೆ ಶಾಲು ಹೊದಿಸಿ, ಹಾರ ಹಾಕಿ, “ಪಂಡಿತರೇ, ಶಿಷ್ಯರಿಗೆ ಎರಡು ಮಾತು ಹೇಳಬೇಕು” ಎಂದಿತು. ಶಾಲು ಹೆಗಲಿಗೆ ಬಿದ್ದ ಮೇಲೆ ನರಿಯ ಬಾಯಿ ನಿಲ್ಲುತ್ತದೆಯೇ? ಕಿವಿ, ಬಾಲದ ಗುಟ್ಟನ್ನೆಲ್ಲ ಉಬ್ಬಿ ಉಬ್ಬಿ ಹೇಳಿತು. ಮುಂದಿನ ಸಾಲಿನಲ್ಲೇ ಮೊಲವೂ ಕತ್ತೆಯೂ ಕೂತಿದ್ದವು.

ಮರುದಿನ ಮೊಲ ಕಿವಿ ಕಟ್ಟಿಕೊಂಡು ಬಂತು. ಕತ್ತೆ ಬಾಲದ ಮೇಲೆಯೇ ಕೂತಿತು. ನರಿ ಇದ್ದ ಕಬ್ಬನ್ನೆಲ್ಲ ಸೋತಿತು.

“ಏನಣ್ಣ ಪಂಡಿತ, ಇವತ್ತು ಏಕಾದಶಿಯೋ?” ಎಂದು ಕತ್ತೆ ಕೆಣಕಿತು.

ಹಸಿದ ನರಿ ಕೋತಿಯ ಬಳಿಗೆ ಓಡಿ, “ಗುರುಗಳೇ, ಹೊಸ ವಿದ್ಯೆ ಕಲಿಸಿ” ಎಂದು ಶಾಲನ್ನೇ ದಕ್ಷಿಣೆಯಾಗಿ ಇಟ್ಟಿತು. “ಇಷ್ಟು ಬಲ್ಲವರು ನೀವೇಕೆ ಆಟಕ್ಕೆ ಕೂರುವುದಿಲ್ಲ?”

ಕೋತಿ ಕಬ್ಬು ಸಿಗಿಯುತ್ತ ನಕ್ಕಿತು. “ಅಲ್ಲಿ ಆಡುವವರೆಲ್ಲ ನನ್ನ ಶಿಷ್ಯರು ಕಣಯ್ಯ. ಕೂತರೆ ನನಗೂ ಉಪವಾಸವೇ. ಹೋಗು, ಹಿಂದಿನ ಸಾಲಿನಲ್ಲಿ ಕೂತುಕೋ. ಹೊಸ ಪಾಠಕ್ಕೆ ಮೊಲ, ಕತ್ತೆ ಆಗಲೇ ಬಂದು ಮುಂದೆ ಕೂತಿವೆ.”